ಅಧಿಕಾರ ಎಂಬ ಮಾತು: ಸಂಸ್ಕೃತ, ಶಾಸ್ತ್ರ ಮತ್ತು ನಮ್ಮ ಓದು

1

ನಮ್ಮ ಚಳವಳಿಯ ಸಭೆಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಒಂದು ಮಾತಿದೆ: ವೇದ ಕೇಳಿದ ಶೂದ್ರನ ಕಿವಿಗೆ ಕಾದ ಸೀಸ ಹೊಯ್ಯಬೇಕೆಂದು ಮನು ಬರೆದಿದ್ದಾನೆ. ಈ ಮಾತನ್ನು ಆಡದ ಭಾಷಣಕಾರರು ಕಡಿಮೆ, ಕೇಳದ ಕೇರಿಯೂ ಕಡಿಮೆ. ಆದರೆ ಹಿಂದಿನ ಸಾಲಿನಿಂದ ಒಬ್ಬ ಮೇಷ್ಟ್ರು ಎದ್ದು ನಿಂತು, 'ಮನುಸ್ಮೃತಿಯ ಎಷ್ಟನೇ ಅಧ್ಯಾಯ, ಎಷ್ಟನೇ ಶ್ಲೋಕ, ಸ್ವಲ್ಪ ಹೇಳ್ತೀರಾ?' ಅಂತ ಕೇಳಿದರೆ ವೇದಿಕೆಯ ಮೇಲಿನ ನಮ್ಮ ಹುಡುಗ ತಡವರಿಸುತ್ತಾನೆ. ಸಭೆಯಲ್ಲಿ ಸಣ್ಣ ನಗು ಹರಿದಾಡುತ್ತದೆ. ಒಂದು ಪ್ರಶ್ನೆಯಲ್ಲಿ ಎರಡು ಸಾವಿರ ವರ್ಷಗಳ ಆರೋಪ ಬಿದ್ದುಹೋದ ಹಾಗೆ ಕಾಣುತ್ತದೆ.

ಯಾಕೆಂದರೆ ಆ ಮಾತು ಮನುವಿನಲ್ಲಿ ಇಲ್ಲ. ಅದು ಇರುವುದು ಗೌತಮ ಧರ್ಮಸೂತ್ರದ ಹನ್ನೆರಡನೆಯ ಅಧ್ಯಾಯದಲ್ಲಿ. ಅಲ್ಲಿ ಹೇಳಿರುವುದು ತವರ ಮತ್ತು ಅರಗು. ಒಂದರ ಹಿಂದೆ ಒಂದು ಮೂರು ಚಿಕ್ಕ ಸೂತ್ರಗಳು: ಕೇಳಿದರೆ ಕಿವಿ ತುಂಬಿಸಬೇಕು, ಉಚ್ಚರಿಸಿದರೆ ನಾಲಿಗೆ ಕತ್ತರಿಸಬೇಕು, ನೆನಪಿನಲ್ಲಿ ಇಟ್ಟುಕೊಂಡರೆ ದೇಹವನ್ನೇ ಸೀಳಬೇಕು. ಮನು ಹೇಳುವುದು ಬೇರೆ. ಅವನ ಎಂಟನೆಯ ಅಧ್ಯಾಯದಲ್ಲಿ ಬ್ರಾಹ್ಮಣರಿಗೆ ಧರ್ಮ ಬೋಧಿಸಲು ಹೊರಟ ಶೂದ್ರನ ಬಾಯಿಗೂ ಕಿವಿಗೂ ರಾಜನು ಕಾದ ಎಣ್ಣೆ ಹೊಯ್ಯಿಸಬೇಕೆಂದಿದೆ. ಗೌತಮ ಶಿಕ್ಷಿಸುವುದು ಕೇಳುವ ಶೂದ್ರನನ್ನು, ಮನು ಶಿಕ್ಷಿಸುವುದು ತಿರುಗಿ ಮಾತಾಡುವ ಶೂದ್ರನನ್ನು.

ಈಗ ಹೇಳಿ, ಪುಸ್ತಕ ತೆರೆದ ಮೇಲೆ ಆರೋಪ ಹಗುರಾಯಿತೋ ಭಾರವಾಯಿತೋ? ಗೌತಮನ ಆ ಸೂತ್ರ ಯಾವುದೋ ಮೂಲೆಯಲ್ಲಿ ಧೂಳು ತಿನ್ನುತ್ತಾ ಬಿದ್ದಿದ್ದಲ್ಲ. ಬ್ರಹ್ಮಸೂತ್ರದ ಭಾಷ್ಯದಲ್ಲಿ ಅದನ್ನು ಪ್ರಮಾಣವಾಗಿ ಎತ್ತಿಕೊಳ್ಳುವವರು ಶಂಕರಾಚಾರ್ಯರು. ಎಲ್ಲವೂ ಬ್ರಹ್ಮ ಎಂದವರಿಗೂ ಶೂದ್ರನ ಕಿವಿಯ ಹತ್ತಿರ ಬಂದಾಗ ತವರ ಬೇಕಾಯಿತು. ಇದನ್ನು ಅಧ್ಯಾಯ ಸಮೇತ ಹೇಳಬಲ್ಲ ಹುಡುಗನ ಮುಂದೆ ಹಿಂದಿನ ಸಾಲಿನ ಮೇಷ್ಟ್ರು ಏನು ಹೇಳುತ್ತಾರೆ?

ಭೂಮಿಯ ಹೋರಾಟಕ್ಕೆ ಇಳಿಯುವಾಗ ನಾವು ಮೊದಲು ತಾಲ್ಲೂಕು ಕಚೇರಿಗೆ ಹೋಗಿ ಪಹಣಿ ತೆಗೆಸುತ್ತೇವೆ, ಮ್ಯುಟೇಷನ್ ನಕಲು ತೆಗೆಸುತ್ತೇವೆ. ದಾಖಲೆಯನ್ನು ಬರೆದವನು ನಮ್ಮ ಶತ್ರುವೇ ಇರಬಹುದು. ಹಾಗಂತ ನೋಡದೆ ಬಿಡುವುದಿಲ್ಲ, ಶತ್ರು ಬರೆದದ್ದಾದರೆ ಇನ್ನೂ ಹುಷಾರಾಗಿ ನೋಡುತ್ತೇವೆ. ಶಾಸ್ತ್ರದ ವಿಷಯಕ್ಕೆ ಬಂದಾಗ ಮಾತ್ರ ಇನ್ನೊಬ್ಬರು ಹೇಳಿದ್ದನ್ನು ನಂಬಿ ಹೊರಡುತ್ತೇವೆ.

ಇದಕ್ಕೆ ನಮ್ಮೊಳಗೇ ಒಂದು ಉತ್ತರವಿದೆ, ಅದು ಸುಳ್ಳಲ್ಲ. 'ನಮಗ್ಯಾಕ್ರೀ ಆ ಭಾಷೆ? ನಮ್ಮ ಮಕ್ಕಳು ಇಂಗ್ಲಿಷ್ ಕಲೀಲಿ, ಕಾನೂನು ಕಲೀಲಿ. ಕಿವಿಗೆ ತವರ ಹೊಯ್ಯಿ ಅಂದ ಭಾಷೆಯನ್ನ ಕಿವಿಗೆ ಹಾಕ್ಕೊಳ್ಳೋದು ಯಾವ ಕರ್ಮ?' ಈ ಪ್ರಶ್ನೆಯನ್ನು ತಳ್ಳಿಹಾಕಿ ಸಂಸ್ಕೃತದ ಗುಣಗಾನ ಮಾಡುವುದು ನನ್ನ ಉದ್ದೇಶವಲ್ಲ. ಆದರೆ ಸಂಸ್ಕೃತವನ್ನು ಯಾರು ಓದಬಹುದು ಎಂಬ ಜಗಳಕ್ಕೇ ಒಂದು ಇತಿಹಾಸವಿದೆ. ನಾವು ಅದರ ಹೊರಗೆ ನಿಂತವರಲ್ಲ, ಅದರ ಕೇಂದ್ರದಲ್ಲೇ ಇದ್ದವರು. ಆ ಇತಿಹಾಸವನ್ನು ಒಂದೇ ಒಂದು ಶಬ್ದ ಹಿಡಿದು ನೋಡಬಹುದು. ಆ ಶಬ್ದ 'ಅಧಿಕಾರ'.

2

ಕನ್ನಡದಲ್ಲಿ ಅಧಿಕಾರ ಎಂದರೆ ಆಳುವ ಶಕ್ತಿ, ಪದವಿ, ದರ್ಪ. ಮೀಮಾಂಸಾಶಾಸ್ತ್ರದಲ್ಲಿ ಅಧಿಕಾರ ಎಂದರೆ ಅರ್ಹತೆ: ಒಂದು ಕರ್ಮವನ್ನು ಮಾಡಲು, ಒಂದು ವಿದ್ಯೆಯನ್ನು ಕಲಿಯಲು ಯಾರು ಯೋಗ್ಯರು ಎಂಬ ಲೆಕ್ಕ. ಶಾಸ್ತ್ರಕಾರರು ಎರಡನೆಯ ಅರ್ಥದಲ್ಲೇ ಮಾತಾಡುತ್ತಾರೆ. ಅವರ ಮಾತಿನ ಕೆಳಗೆ ಮೊದಲನೆಯ ಅರ್ಥ ಹರಿಯುತ್ತಿರುತ್ತದೆ.

ಜೈಮಿನಿಯ ಮೀಮಾಂಸಾಸೂತ್ರದ ಆರನೆಯ ಅಧ್ಯಾಯ ಪೂರ್ತಿ ಈ ಅಧಿಕಾರದ ವಿಚಾರ. ಯಜ್ಞ ಮಾಡುವ ಅರ್ಹತೆ ನಾಲ್ಕೂ ವರ್ಣಗಳಿಗೆ ಇದೆಯೋ ಮೂರಕ್ಕೆ ಮಾತ್ರವೋ ಎಂಬ ಪ್ರಶ್ನೆ ಅಲ್ಲಿ ಏಳುತ್ತದೆ. ಗಮನಿಸಿ, ಪ್ರಶ್ನೆ ಎದ್ದಿದೆ. ಎಲ್ಲರೂ ಒಪ್ಪಿ ಕೂತಿದ್ದ ಸಂಗತಿಯಾಗಿದ್ದರೆ ಯಾರೂ ಅದರ ಮೇಲೆ ಸೂತ್ರ ಬರೆಯುತ್ತಿರಲಿಲ್ಲ. ಆತ್ರೇಯ ಎಂಬ ಆಚಾರ್ಯ ಹೇಳುತ್ತಾನೆ: ಅಗ್ನಿಯನ್ನು ಸ್ಥಾಪಿಸಲು ಬ್ರಾಹ್ಮಣನಿಗೆ ವಸಂತ, ಕ್ಷತ್ರಿಯನಿಗೆ ಗ್ರೀಷ್ಮ, ವೈಶ್ಯನಿಗೆ ಶರದೃತು ಎಂದು ಶ್ರುತಿ ಹೇಳಿದೆ, ಶೂದ್ರನಿಗೆ ಯಾವ ಋತುವನ್ನೂ ಹೇಳಿಲ್ಲ, ಆದ್ದರಿಂದ ಅವನಿಗೆ ಅಗ್ನಿ ಇಲ್ಲ, ಅಗ್ನಿ ಇಲ್ಲದ ಮೇಲೆ ಯಜ್ಞವಿಲ್ಲ. ಕೆಸರಿನಲ್ಲಿ ನಿಂತು ನಾಟಿ ಮಾಡುವವನಿಗೆ, ಬಿಸಿಲಿನಲ್ಲಿ ಕೊಯ್ಲು ಮಾಡುವವನಿಗೆ ಋತುವೇ ಇಲ್ಲವಂತೆ!

ಆದರೆ ಅದೇ ಜಾಗದಲ್ಲಿ ಇನ್ನೊಬ್ಬನ ದನಿ ಇದೆ. ಬಾದರಿ ಎಂಬ ಆಚಾರ್ಯನದು. ಅವನ ಪ್ರಕಾರ ಋತುಗಳ ಆ ಮಾತು ಮೂರು ವರ್ಣದವರಿಗೆ ಕಾಲವನ್ನು ಗೊತ್ತುಮಾಡುತ್ತದೆ ಅಷ್ಟೆ, ಉಳಿದವರನ್ನು ಹೊರಗಿಡುವುದಿಲ್ಲ; ಆದ್ದರಿಂದ ಅಧಿಕಾರ ಎಲ್ಲರಿಗೂ ಇದೆ. ಬಾದರಿಯ ಮತ ಸೋತಿತು. ಅವನ ಹೆಸರಿನಲ್ಲಿ ಯಾವ ಮಠವೂ ಇಲ್ಲ. ಸೋತವನ ಮಾತನ್ನು ಖಂಡಿಸುವುದಕ್ಕಾದರೂ ಉಳಿಸಿಕೊಂಡದ್ದರಿಂದ, ಒಂದು ಕಾಲದಲ್ಲಿ ಹೀಗೆ ವಾದಿಸಿದವರು ಒಳಗೇ ಇದ್ದರು ಎಂಬುದು ನಮಗೆ ತಿಳಿಯುತ್ತದೆ.

ಅಲ್ಲಿಂದ ಸ್ವಲ್ಪ ಮುಂದೆ ಇನ್ನೂ ಎರಡು ಪ್ರಸಂಗಗಳಿವೆ. ರಥಕಾರ, ಅಂದರೆ ಬಂಡಿ ಮಾಡುವವನು, ಮಳೆಗಾಲದಲ್ಲಿ ಅಗ್ನಿ ಸ್ಥಾಪಿಸಬೇಕೆಂದು ಶ್ರುತಿವಾಕ್ಯವಿದೆ. ಅವನು ಮೂರು ವರ್ಣಗಳಿಗೆ ಸೇರಿದವನಲ್ಲ ಎಂದು ಮೀಮಾಂಸಕರೇ ಒಪ್ಪುತ್ತಾರೆ. ಇನ್ನೊಂದು 'ನಿಷಾದಸ್ಥಪತಿ' ಎಂಬ ಸಮಾಸದ ಪ್ರಸಂಗ. ರುದ್ರನಿಗೆ ಸಂಬಂಧಿಸಿದ ಒಂದು ಇಷ್ಟಿಯನ್ನು ನಿಷಾದಸ್ಥಪತಿಯಿಂದ ಮಾಡಿಸಬೇಕು ಎಂದಿದೆ. ಅದರ ಅರ್ಥವೇನು? 'ನಿಷಾದರ ಒಡೆಯ' ಎಂದು ಷಷ್ಠೀ ತತ್ಪುರುಷವಾಗಿ ಬಿಡಿಸಿದರೆ ಒಡೆಯ ಮೇಲ್ವರ್ಣದವನೇ ಆಗಿರಬಹುದು, ತೊಂದರೆ ಇಲ್ಲ. 'ನಿಷಾದನೇ ಆದ ಒಡೆಯ' ಎಂದು ಕರ್ಮಧಾರಯವಾಗಿ ಬಿಡಿಸಿದರೆ ಕಾಡಿನವನಿಗೆ ಯಜ್ಞದ ಹಕ್ಕು ಬಂತು. ಶಬ್ದದ ನೇರ ಅರ್ಥವನ್ನು ಬಿಟ್ಟು ಎಳೆದಾಡಬಾರದು ಎಂಬ ತಮ್ಮದೇ ನಿಯಮಕ್ಕೆ ಕಟ್ಟುಬಿದ್ದು ಮೀಮಾಂಸಕರು ಎರಡನೆಯ ಅರ್ಥವನ್ನೇ ಒಪ್ಪಬೇಕಾಯಿತು. ಒಂದು ಸಮಾಸವನ್ನು ಬಿಡಿಸುವ ಬಗೆಯಲ್ಲಿ ಒಂದು ಜನಾಂಗದ ಹಕ್ಕು ನಿಂತಿತ್ತು. ವ್ಯಾಕರಣ ಗೊತ್ತಿಲ್ಲದವನು ಈ ಜಗಳದಲ್ಲಿ ಪಕ್ಷ ವಹಿಸಲೂ ಸಾಧ್ಯವಿರಲಿಲ್ಲ. ನಿಷಾದನಿಗೆ ಆ ವ್ಯಾಕರಣ ಕಲಿಸುವವರು ಯಾರು?

ಬಾಗಿಲು ಹೀಗೆ ಕಿರಿದಾಗಿ ತೆರೆದದ್ದಕ್ಕಿಂತ ಮುಚ್ಚಿದ್ದೇ ಹೆಚ್ಚು. ಆಪಸ್ತಂಬ ಧರ್ಮಸೂತ್ರ ವೇದಪಾಠವನ್ನು ನಿಲ್ಲಿಸಬೇಕಾದ ಸ್ಥಳಗಳನ್ನು ಪಟ್ಟಿ ಮಾಡುವಾಗ ಶೂದ್ರನನ್ನು ಸ್ಮಶಾನಕ್ಕೆ ಸಮ ಮಾಡುತ್ತದೆ. ತವರ ಕಾಯಿಸಿ ಹೊಯ್ದ ಪ್ರಸಂಗ ನಿಜವಾಗಿ ನಡೆಯಿತೇ ಎಂದು ಕೆಲವರು ಕೇಳುತ್ತಾರೆ. ಧರ್ಮಸೂತ್ರಗಳು ವಿಧಿಗಳೇ ಹೊರತು ನಡೆದದ್ದರ ವರದಿಗಳಲ್ಲ, ನಿಜ. ಆದರೆ ಊರಿಗೂ ಕೇರಿಗೂ ಮಧ್ಯೆ ಅಷ್ಟು ದೂರ ಇಟ್ಟ ಮೇಲೆ ತವರ ಕಾಯಿಸುವ ಪ್ರಮೇಯವೇ ಬರುವುದಿಲ್ಲ. ಸದ್ದೇ ತಲುಪದ ಜಾಗದಲ್ಲಿ ಇಟ್ಟವರ ಕಿವಿಯನ್ನು ಬೇರೆ ಮುಚ್ಚಬೇಕಿಲ್ಲ.

ಮುಂದೆ ಬ್ರಹ್ಮಸೂತ್ರದ ಕಾಲಕ್ಕೆ ವಾದ ಇನ್ನೂ ಸೂಕ್ಷ್ಮವಾಯಿತು. ಛಾಂದೋಗ್ಯ ಉಪನಿಷತ್ತಿನಲ್ಲಿ ಜಾನಶ್ರುತಿ ಎಂಬ ದಾನಿಯ ಕತೆ ಇದೆ. ಅವನು ಗಾಡಿಯ ಕೆಳಗೆ ಕೂತು ಕಜ್ಜಿ ಕೆರೆದುಕೊಳ್ಳುತ್ತಿದ್ದ ರೈಕ್ವನ ಬಳಿ ವಿದ್ಯೆ ಕೇಳಲು ಹೋಗುತ್ತಾನೆ. ರೈಕ್ವ ಅವನನ್ನು ಮುಖಕ್ಕೆ ಹೊಡೆದ ಹಾಗೆ 'ಶೂದ್ರ' ಎಂದು ಕರೆದು, ಆಮೇಲೆ ವಿದ್ಯೆಯನ್ನೂ ಹೇಳಿಕೊಡುತ್ತಾನೆ. ಹಾಗಾದರೆ ಶೂದ್ರನಿಗೆ ಬ್ರಹ್ಮವಿದ್ಯೆ ಸಿಕ್ಕಿತಲ್ಲ? ಸೂತ್ರಕಾರರಿಗೆ ಇದು ನುಂಗಲಾರದ ತುತ್ತು. ಅದಕ್ಕೆ ಅವರು ಶಬ್ದವನ್ನೇ ಒಡೆದರು: 'ಶುಕ್' ಎಂದರೆ ದುಃಖ, ದುಃಖದಿಂದ ಓಡಿಬಂದವನಾದ್ದರಿಂದ ಅವನು ಶೂದ್ರ, ಜಾತಿಯಿಂದಲ್ಲ, ಜಾತಿಯಿಂದ ಅವನು ಕ್ಷತ್ರಿಯ! ನಿಷಾದನ ವಿಷಯದಲ್ಲಿ ನೇರ ಅರ್ಥವೇ ದೊಡ್ಡದು ಎಂದ ಪರಂಪರೆ, ಇಲ್ಲಿ ನೇರ ಅರ್ಥವನ್ನು ಬಿಟ್ಟು ಸುತ್ತುಬಳಸಿನ ನಿಷ್ಪತ್ತಿಯನ್ನು ಹಿಡಿಯಿತು.

ಸತ್ಯಕಾಮ ಜಾಬಾಲನ ಕತೆಯೂ ಹಾಗೆಯೇ. ತಂದೆ ಯಾರೆಂದು ಗೊತ್ತಿಲ್ಲ ಎಂದು ನಿಜ ನುಡಿದ ಹುಡುಗನನ್ನು ಗುರು ಒಪ್ಪಿಕೊಂಡ ಈ ಕತೆಯನ್ನು ನಾವು ಉದಾರತೆಯ ಕತೆಯಾಗಿ ಕೇಳಿ ಬೆಳೆದಿದ್ದೇವೆ. ಬ್ರಹ್ಮಸೂತ್ರ ಅದನ್ನು ಓದುವುದು ತಿರುಗುಮುರುಗಾಗಿ: ಹುಡುಗ ಶೂದ್ರನಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೆಯೇ ಗುರು ಉಪನಯನ ಮಾಡಿದ, ಆದ್ದರಿಂದ ಶೂದ್ರನಿಗೆ ಅಧಿಕಾರವಿಲ್ಲ. ನಮಗೆ ಸಂತೋಷ ಕೊಟ್ಟ ಕತೆಯೇ ನಮ್ಮ ವಿರುದ್ಧದ ಸಾಕ್ಷಿ.

ಶೃಂಗೇರಿಗೆ ಶಂಕರರು, ಮೇಲುಕೋಟೆಗೆ ರಾಮಾನುಜರು, ಉಡುಪಿಗೆ ಮಧ್ವರು: ನಮ್ಮ ನಾಡಿನ ಮೂರು ದೊಡ್ಡ ಕ್ಷೇತ್ರಗಳ ಹಿಂದೆ ಮೂವರು ಭಾಷ್ಯಕಾರರಿದ್ದಾರೆ. ಜೀವ, ಜಗತ್ತು, ಈಶ್ವರ ಯಾವುದರಲ್ಲೂ ಒಬ್ಬರಿಗೊಬ್ಬರು ಒಪ್ಪದವರು. ಶೂದ್ರನಿಗೆ ವೇದಾಧ್ಯಯನವಿಲ್ಲ ಎಂಬಲ್ಲಿ ಮಾತ್ರ ಮೂವರದೂ ಒಂದೇ ಮಾತು. ಪುರಾಣ ಕೇಳಬಹುದು, ನಾಮ ನೆನೆಯಬಹುದು ಎಂಬ ರಿಯಾಯಿತಿಗಳುಂಟು. ರಿಯಾಯಿತಿ ಬೇರೆ, ಹಕ್ಕು ಬೇರೆ.

3

ಶಾಸ್ತ್ರದ ಬಾಗಿಲು ಕಂಪನಿ ಸರ್ಕಾರದ ಕಾಲದಲ್ಲಿ ತೆರೆಯಿತು ಎನ್ನುತ್ತಾರೆ. ಯಾರಿಗೆ ತೆರೆಯಿತು ಎಂದು ನೋಡಬೇಕು.

1780ರ ದಶಕದಲ್ಲಿ ಕಲ್ಕತ್ತೆಯ ನ್ಯಾಯಾಧೀಶ ವಿಲಿಯಂ ಜೋನ್ಸ್ ಸಂಸ್ಕೃತ ಕಲಿಯಲು ಹೊರಟಾಗ ಬ್ರಾಹ್ಮಣ ಪಂಡಿತರು ಹಿಂಜರಿದರು. ಕೊನೆಗೆ ಕಲಿಸಿದವರು ರಾಮಲೋಚನ ಎಂಬ ವೈದ್ಯ ಜಾತಿಯ ಪಂಡಿತರು. 1794ರಲ್ಲಿ ಜೋನ್ಸನ ಮನುಸ್ಮೃತಿಯ ಇಂಗ್ಲಿಷ್ ಅನುವಾದ ಹೊರಬಂತು. ಮ್ಯಾಕ್ಸ್ ಮುಲ್ಲರ್ ಸಂಪಾದಿಸಿದ ಋಗ್ವೇದ 1849ರಿಂದ 1874ರವರೆಗೆ ಅಚ್ಚಾಯಿತು. ಗೌತಮ, ಆಪಸ್ತಂಬ ಸೂತ್ರಗಳ ಬ್ಯೂಲರ್ ಅನುವಾದ 1879ರಲ್ಲಿ ಬಂತು. ಶಾಸ್ತ್ರದ ಲೆಕ್ಕದಲ್ಲಿ ಇವರೆಲ್ಲ ಮ್ಲೇಚ್ಛರು. ದನ ತಿನ್ನುವ ಮ್ಲೇಚ್ಛನಿಗೆ ವೇದ ಸಿಕ್ಕಿತು. ಸತ್ತ ದನ ಹೊರುವವನಿಗೆ ಸಿಗಲಿಲ್ಲ. ಇಲ್ಲಿ ಅಧಿಕಾರದ ಎರಡು ಅರ್ಥಗಳೂ ಒಂದಾದವು. ಯಾರ ಕೈಯಲ್ಲಿ ಅಧಿಕಾರವಿತ್ತೋ ಅವರಿಗೆ ಅಧಿಕಾರ ತಾನಾಗಿ ಬಂತು.

ದೇಶೀಯರ ಪಾಲಿಗೆ ಬಾಗಿಲು ಒಂದೊಂದೇ ಇಂಚು ಸರಿಯಿತು. ಕಲ್ಕತ್ತೆಯ ಸಂಸ್ಕೃತ ಕಾಲೇಜು 1824ರಲ್ಲಿ ಶುರುವಾದಾಗ ಬ್ರಾಹ್ಮಣ ಮತ್ತು ವೈದ್ಯ ಹುಡುಗರಿಗೆ ಮಾತ್ರ ಪ್ರವೇಶ. ಈಶ್ವರಚಂದ್ರ ವಿದ್ಯಾಸಾಗರರು ಪ್ರಾಂಶುಪಾಲರಾದ ಮೇಲೆ 1851ರಲ್ಲಿ ಕಾಯಸ್ಥರಿಗೆ, 1854ರಲ್ಲಿ 'ಮರ್ಯಾದಸ್ಥ' ಹಿಂದೂಗಳಿಗೆ ತೆರೆಯಿತು. ಆ 'ಮರ್ಯಾದಸ್ಥ' ಎಂಬ ಪದದ ಆಚೆಗೆ ಯಾರು ನಿಂತಿದ್ದರು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಕಲ್ಕತ್ತೆಯ ಆ ಕಾಲೇಜಿಗೆ ನಮ್ಮ ಬೆಂಗಳೂರಿನ ಮೂಲಕ ಹೋದ ಒಬ್ಬ ಹುಡುಗನ ಕತೆ ಇಲ್ಲಿ ನೆನೆಯಬೇಕು. ತಿರುವಾಂಕೂರಿನ ಡಾಕ್ಟರ್ ಪಲ್ಪು ಈಳವರು. ಮದರಾಸಿನಲ್ಲಿ ವೈದ್ಯ ಓದಿ ಬಂದರೂ ಸ್ವಂತ ಸಂಸ್ಥಾನದಲ್ಲಿ ಜಾತಿಯ ಕಾರಣಕ್ಕೆ ಕೆಲಸ ಸಿಗಲಿಲ್ಲ. ಅವರಿಗೆ ಕೆಲಸ ಕೊಟ್ಟದ್ದು ಮೈಸೂರು ಸಂಸ್ಥಾನ. ನಾರಾಯಣ ಗುರುಗಳ ಶಿಷ್ಯನಾದ ಕುಮಾರನ್ ಎಂಬ ತರುಣನನ್ನು 1890ರ ದಶಕದ ನಡುವಿನಲ್ಲಿ ಪಲ್ಪು ಬೆಂಗಳೂರಿಗೆ ಕರೆಸಿಕೊಂಡು, ತಮ್ಮ ಮನೆಯಲ್ಲಿ ಇಟ್ಟುಕೊಂಡು, ಚಾಮರಾಜೇಂದ್ರ ಸಂಸ್ಕೃತ ಕಾಲೇಜಿನಲ್ಲಿ ತರ್ಕಶಾಸ್ತ್ರ ಓದಿಸಿದರು. ಹುಡುಗನ ಓದು ಇಲ್ಲಿ ಪೂರ್ತಿಯಾಗಲಿಲ್ಲ. 1898ರಲ್ಲಿ ಪ್ಲೇಗು ಬಂತು, ಅವನು ಕಲ್ಕತ್ತೆಗೆ ಹೋದ. ಈಳವರನ್ನು ಇವತ್ತಿನ ಅರ್ಥದಲ್ಲಿ ದಲಿತರು ಎನ್ನುವುದಿಲ್ಲ. ಆದರೆ ಅವರೂ ಅವರ್ಣರು, ತೀಂಡಲ್ ಅನುಭವಿಸಿದವರು.

ಆ ಹುಡುಗನೇ ಮುಂದೆ ಮಲಯಾಳದ ಮಹಾಕವಿ ಕುಮಾರನ್ ಆಶಾನ್. ಕಲಿತ ಸಂಸ್ಕೃತದಿಂದ ಅವರು ಮಾಡಿದ್ದೇನು? 1922ರಲ್ಲಿ 'ಚಂಡಾಲಭಿಕ್ಷುಕಿ' ಬರೆದರು. ಬಾವಿಯ ಬಳಿ ಬುದ್ಧನ ಶಿಷ್ಯ ಆನಂದನಿಗೆ ನೀರು ಕೊಟ್ಟ ಚಂಡಾಲ ಹುಡುಗಿಯ ಕತೆ ಅದು. ಅದೇ ವರ್ಷ ನಂಬೂದಿರಿ ಹೆಣ್ಣು ಪುಲಯನ ಗುಡಿಸಲಿಗೆ ಬಂದು ಬಾಳುವ 'ದುರವಸ್ಥೆ'ಯನ್ನೂ ಬರೆದರು. ನಮ್ಮ ನೆಲದಲ್ಲಿ ಓದಿದ ತರ್ಕ ಪುಲಯನ ಗುಡಿಸಲ ಬಾಗಿಲಿಗೆ ಹೋಗಿ ತಲುಪಿತು. ಪುರೋಹಿತಶಾಹಿ ಹೆದರುತ್ತಿದ್ದುದು ಬಹುಶಃ ಇಂಥದ್ದಕ್ಕೇ.

4

ಕುಮಾರನ್ ಸಂಸ್ಕೃತ ಕಾಲೇಜಿನ ಒಳಗೆ ಹೋದ ಸುಮಾರು ಹತ್ತು ವರ್ಷದ ಮೇಲೆ ಮುಂಬಯಿಯಲ್ಲಿ ಇನ್ನೊಬ್ಬ ಹುಡುಗ ಹೊರಗೆ ಉಳಿದ. ಎಲ್ಫಿನ್‌ಸ್ಟನ್ ಹೈಸ್ಕೂಲಿನಲ್ಲಿ ಭೀಮರಾವ್ ಎರಡನೆಯ ಭಾಷೆಯಾಗಿ ಸಂಸ್ಕೃತ ತೆಗೆದುಕೊಳ್ಳಲು ಬಯಸಿದರೂ ಅಸ್ಪೃಶ್ಯನಾದ್ದರಿಂದ ಆಗಲಿಲ್ಲ, ಪರ್ಶಿಯನ್ ಓದಬೇಕಾಯಿತು. ಮೆಕ್ಕಾ ಕಡೆ ಮುಖ ಮಾಡುವವರ ಭಾಷೆ ಮಹಾರ ಹುಡುಗನಿಗೆ ಸಿಕ್ಕಿತು, ಮನೆಯ ಪಕ್ಕದ ದೇವಸ್ಥಾನದ ಭಾಷೆ ಸಿಗಲಿಲ್ಲ. ಆ ಗಾಯ ಬಾಬಾಸಾಹೇಬರಲ್ಲಿ ಕೊನೆಯವರೆಗೂ ಉಳಿದಿತ್ತು. ಆಮೇಲೆ ಅವರು ಸ್ವಂತ ಪ್ರಯತ್ನದಿಂದ ಸಂಸ್ಕೃತ ಕಲಿತರು.

1927ರ ಡಿಸೆಂಬರ್ 25ರಂದು ಮಹಾಡಿನಲ್ಲಿ ಮನುಸ್ಮೃತಿಯನ್ನು ಸುಡಲಾಯಿತು. ಸುಡುವ ನಿರ್ಣಯವನ್ನು ಮಂಡಿಸಿದವರು ಬ್ರಾಹ್ಮಣರಾದ ಸಹಸ್ರಬುದ್ಧೆ ಎಂಬುದನ್ನು ನಾವು ಮರೆಯುತ್ತೇವೆ. ಇನ್ನೊಂದನ್ನೂ ಮರೆಯುತ್ತೇವೆ: ಸುಟ್ಟ ಮೇಲೂ ಬಾಬಾಸಾಹೇಬರು ಓದುವುದನ್ನು ನಿಲ್ಲಿಸಲಿಲ್ಲ. ಹತ್ತೊಂಬತ್ತು ವರ್ಷದ ನಂತರ, 1946ರಲ್ಲಿ 'ಶೂದ್ರರು ಯಾರು?' ಪುಸ್ತಕ ಬಂತು. ಅದನ್ನು ಜೋತಿಬಾ ಫುಲೆಯವರಿಗೆ ಅರ್ಪಿಸಿದರು. 1948ರಲ್ಲಿ 'ಅಸ್ಪೃಶ್ಯರು' ಬಂತು. ನಮ್ಮ ಸಂಘಟನೆಗಳಲ್ಲಿ ಕೆಲವರು ಸುಡುವುದನ್ನು ಹಿಡಿದುಕೊಂಡರು, ಕೆಲವು ವಿಶ್ವವಿದ್ಯಾಲಯದ ಪಂಡಿತರು ಓದುವುದನ್ನು ಮಾತ್ರ ಹಿಡಿದುಕೊಂಡರು. ಎರಡನ್ನೂ ಮಾಡಿದ್ದು ಒಂದೇ ಕೈ.

'ಶೂದ್ರರು ಯಾರು?' ಪುಸ್ತಕದ ಮುನ್ನುಡಿಯಲ್ಲಿ ಅವರು ತಾವು ಸಂಸ್ಕೃತ ಪಂಡಿತರಲ್ಲ ಎಂದು ಮೊದಲೇ ಒಪ್ಪಿಕೊಳ್ಳುತ್ತಾರೆ. ಇಂಗ್ಲಿಷ್ ಅನುವಾದಗಳಲ್ಲಿ ಹದಿನೈದು ವರ್ಷ ಈ ಸಾಹಿತ್ಯವನ್ನು ಓದಿದವನಿಗೆ ಮಾತಾಡುವ ಯೋಗ್ಯತೆ ಬರುತ್ತದೆ ಎಂಬುದು ಅವರ ನಿಲುವು. ಅಧಿಕಾರ ಎಂಬ ಹಳೆಯ ಪ್ರಶ್ನೆಗೆ ಇದು ಹೊಸ ಉತ್ತರ. ಹುಟ್ಟಿನಿಂದ ಬರುವ ಅಧಿಕಾರವನ್ನು ತಳ್ಳಿ, ಶ್ರಮದಿಂದ ಬರುವ ಅಧಿಕಾರವನ್ನು ಸ್ಥಾಪಿಸಿದರು.

ಅವರ ಕೆಲಸದ ರೀತಿಯನ್ನು ನೋಡಿ. ಮಹಾಭಾರತದ ಶಾಂತಿಪರ್ವದಲ್ಲಿ ಪೈಜವನ ಎಂಬ ಶೂದ್ರ ಯಜ್ಞ ಮಾಡಿ ದಕ್ಷಿಣೆ ಕೊಟ್ಟ ಪ್ರಸ್ತಾಪವಿದೆ. ಅಂಬೇಡ್ಕರ್ ಈ ಒಂದು ಹೆಸರನ್ನು ಹಿಡಿದುಕೊಂಡರು. ಬೇರೆ ಬೇರೆ ಹಸ್ತಪ್ರತಿಗಳಲ್ಲಿ ಆ ಸಾಲಿನ ಪಾಠ ಹೇಗಿದೆ ಎಂದು ಹೋಲಿಸಿದರು. ಲಿಪಿಕಾರರ ಕೈಯಲ್ಲಿ ಆ ಸಾಲಿನ ಪದಗಳು ಹೇಗೆ ಬೇರೆಬೇರೆಯಾದವು ಎಂದು ತೋರಿಸಿದರು. ಪೈಜವನನನ್ನು ಋಗ್ವೇದದ ಸುದಾಸ ರಾಜನೊಂದಿಗೆ ಜೋಡಿಸಿ, ಶೂದ್ರರು ಮೊದಲು ಕ್ಷತ್ರಿಯರೇ ಆಗಿದ್ದರು, ಜಗಳದ ನಂತರ ಬ್ರಾಹ್ಮಣರು ಅವರಿಗೆ ಉಪನಯನ ನಿಲ್ಲಿಸಿ ಕೆಳಗಿಳಿಸಿದರು ಎಂದು ವಾದಿಸಿದರು. ಈ ತೀರ್ಮಾನವನ್ನು ಇತಿಹಾಸಕಾರರೆಲ್ಲ ಒಪ್ಪಿಲ್ಲ. 1958ರಲ್ಲಿ ಆರ್. ಎಸ್. ಶರ್ಮಾ ಪ್ರಾಚೀನ ಭಾರತದ ಶೂದ್ರರ ಬಗ್ಗೆ ಬರೆದಾಗ ಬೇರೆಯೇ ದಾರಿಯಲ್ಲಿ ನಡೆದರು. ತೀರ್ಮಾನ ನಿಲ್ಲಲಿ, ಬಿಡಲಿ. ಅದಕ್ಕಿಂತ ದೊಡ್ಡದು, ಪಾಠಾಂತರ ನೋಡಲು ಅಸ್ಪೃಶ್ಯನೊಬ್ಬ ಮೇಜಿನ ಮುಂದೆ ಕೂತದ್ದು. ಶಾಸ್ತ್ರ ಅಪೌರುಷೇಯ ಎಂದು ನಂಬುವವನಿಗೆ ಪಾಠಾಂತರ ಎಂಬುದೊಂದು ಮುಜುಗರ. ನಮಗೆ ಅದು ಸುಳಿವು. ಯಾವ ಕೈ, ಎಲ್ಲಿ, ಯಾಕೆ ತಿದ್ದಿತು ಎಂದು ಕೇಳಲು ಅದು ಎಡೆ ಮಾಡಿಕೊಡುತ್ತದೆ.

1949ರ ಸೆಪ್ಟೆಂಬರ್ ಸಂಗತಿಯನ್ನೂ ಮುಚ್ಚಿಡಬಾರದು. ಸಂವಿಧಾನ ಸಭೆಯಲ್ಲಿ ಸಂಸ್ಕೃತ ಒಕ್ಕೂಟದ ಅಧಿಕೃತ ಭಾಷೆಯಾಗಲಿ ಎಂಬ ತಿದ್ದುಪಡಿಯನ್ನು ಬೆಂಬಲಿಸಿದವರಲ್ಲಿ ಡಾ. ಅಂಬೇಡ್ಕರ್ ಒಬ್ಬರು. ತಿದ್ದುಪಡಿ ನಿಲ್ಲಲಿಲ್ಲ, ದೇವನಾಗರಿಯ ಹಿಂದಿ ಬಂತು. 'ನೋಡ್ರೀ, ನಿಮ್ಮ ಬಾಬಾಸಾಹೇಬರೇ ಸಂಸ್ಕೃತ ಬೇಕು ಅಂದಿದ್ರು' ಎಂದು ಇವತ್ತು ಕೆಲವರು ಇದನ್ನು ಬಾವುಟದ ಹಾಗೆ ಎತ್ತುತ್ತಾರೆ. ನಮ್ಮವರು ಕೇಳಿಸದ ಹಾಗೆ ಮುಖ ತಿರುಗಿಸುತ್ತಾರೆ. ಮುಖ ತಿರುಗಿಸುವ ಅಗತ್ಯ ಏನಿದೆ? ಹೈಸ್ಕೂಲಿನಲ್ಲಿ ಯಾವ ಭಾಷೆಯ ಬಾಗಿಲು ಮುಚ್ಚಿದರೋ ಆ ಭಾಷೆಯನ್ನು ಎಲ್ಲ ಪ್ರಜೆಗಳ ಸ್ವತ್ತು ಮಾಡಿ ಎಂದು ಕೇಳುವುದು ಮನುವಿನ ಪರ ವಾದವಲ್ಲ. ನಾನು ಅದನ್ನು ಒಂದು ಜಾತಿಯ ಖಾತೆಯಲ್ಲಿದ್ದ ಆಸ್ತಿಯನ್ನು ಸಾರ್ವಜನಿಕ ಮಾಡಿ ಎಂಬ ಬೇಡಿಕೆಯಾಗಿ ಓದುತ್ತೇನೆ. ಇದು ನನ್ನ ಓದು. ಬೇರೆ ಓದು ಇದ್ದವರು ವಾದಿಸಲಿ.

5

ಸಂಸ್ಕೃತ ಎಂದರೆ ಬರೀ ನಮ್ಮ ವಿರೋಧಿಗಳ ಮಾತು ಎಂದು ತಿಳಿಯುವುದೂ ಓದದೆ ಹೇಳುವ ಮಾತೇ. ಐತರೇಯ ಬ್ರಾಹ್ಮಣದಲ್ಲಿ ಕವಷ ಐಲೂಷನ ಕತೆ ಇದೆ. ಸರಸ್ವತಿಯ ದಂಡೆಯಲ್ಲಿ ಋಷಿಗಳು ಸತ್ರ ನಡೆಸುತ್ತಿದ್ದಾಗ, ದಾಸಿಯ ಮಗ ಎಂದು ಅವನನ್ನು ಹೊರಗೆಳೆದು, ನೀರಿಲ್ಲದೆ ಸಾಯಲಿ ಎಂದು ಮರಳುಗಾಡಿಗೆ ಅಟ್ಟಿದರು. ಅಲ್ಲಿ ಬಾಯಾರಿದ ಅವನು ನೀರಿನ ಸೂಕ್ತವನ್ನು ಕಂಡ. ಸರಸ್ವತಿಯೇ ಅವನನ್ನು ಸುತ್ತಿಕೊಂಡು ಹರಿದಳು. ಅಟ್ಟಿದ ಋಷಿಗಳೇ ಅವನನ್ನು ಮತ್ತೆ ಕರೆದರು. ಆ ಸೂಕ್ತ ಋಗ್ವೇದದ ಹತ್ತನೆಯ ಮಂಡಲದಲ್ಲಿದೆ. ಕೆರೆಯ ನೀರು ಮುಟ್ಟಿದ್ದಕ್ಕೆ ಮಹಾಡಿನಲ್ಲಿ ಹೊಡೆತ ತಿಂದವರಿಗೆ ಈ ಕತೆ ಎಷ್ಟು ಹತ್ತಿರ! ಹಾಗಂತ ಕರಗಿ ಹೋಗಬೇಕಿಲ್ಲ. ದಾಸಿಯ ಮಗ ಮಂತ್ರ ಕಂಡ ಮೇಲೆ ಸೇರಿಸಿಕೊಂಡರೇ ಹೊರತು ದಾಸಿಯರನ್ನು ಬಿಡುಗಡೆ ಮಾಡಲಿಲ್ಲ.

ಬೌದ್ಧರ ಸಂಸ್ಕೃತ ಇನ್ನೂ ನೇರವಾಗಿ ಮಾತಾಡುತ್ತದೆ. ಕುಮಾರನ್ ಆಶಾನರು ಹಿಡಿದ ಚಂಡಾಲ ಹುಡುಗಿಯ ಕತೆ ಶಾರ್ದೂಲಕರ್ಣಾವದಾನದಲ್ಲಿ ಬರುತ್ತದೆ. ಅಲ್ಲಿ ತ್ರಿಶಂಕು ಎಂಬ ಮಾತಂಗರ ರಾಜ ತನ್ನ ಮಗನಿಗೆ ಬ್ರಾಹ್ಮಣನ ಮಗಳನ್ನು ಕೇಳಲು ಹೋಗಿ, ಜಾತಿ ಎಂಬುದು ಹುಟ್ಟಿನಲ್ಲಿಲ್ಲ ಎಂದು ಆ ಬ್ರಾಹ್ಮಣನಿಗೇ ಶಾಸ್ತ್ರ ಹೇಳಿ ಗೆಲ್ಲುತ್ತಾನೆ. ಮಾತಂಗ ಎಂಬ ಹೆಸರು ನಮ್ಮ ಕೇರಿಗಳಿಗೆ ಹೊಸದಲ್ಲ. ಅಶ್ವಘೋಷನ ಹೆಸರಿನಲ್ಲಿರುವ 'ವಜ್ರಸೂಚಿ' ವೇದ, ಮನು, ಭಾರತಗಳ ಮಾತುಗಳನ್ನೇ ಎತ್ತಿಕೊಂಡು ಬ್ರಾಹ್ಮಣ್ಯವನ್ನು ತುಂಡು ತುಂಡು ಮಾಡುತ್ತದೆ. ಏಳನೆಯ ಶತಮಾನದ ಧರ್ಮಕೀರ್ತಿ ಬುದ್ಧಿ ಕೆಟ್ಟವರ ಐದು ಲಕ್ಷಣಗಳನ್ನು ಎಣಿಸುವಾಗ ವೇದಪ್ರಾಮಾಣ್ಯದ ಜೊತೆಗೆ ಜಾತಿಯ ಹೆಮ್ಮೆಯನ್ನೂ ಸೇರಿಸುತ್ತಾನೆ. ಇವೆಲ್ಲ ಸಂಸ್ಕೃತದಲ್ಲೇ ಇವೆ. ನಮ್ಮ ಕಾಲೇಜುಗಳ ಸಂಸ್ಕೃತ ಪಠ್ಯಗಳಲ್ಲಿ ಇವುಗಳಿಗೆ ಎಷ್ಟು ಜಾಗ ಸಿಕ್ಕಿದೆ? ಓದಲು ಕೊಡುವುದನ್ನು ಆರಿಸುವುದೂ ಒಂದು ಅಧಿಕಾರವೇ.

ಕನ್ನಡ ನಾಡು ಇದಕ್ಕೆ ತನ್ನದೇ ಆದ ಉತ್ತರ ಕೊಟ್ಟಿತ್ತು. ಹನ್ನೆರಡನೆಯ ಶತಮಾನದ ಶರಣರು, ಅವರ ನಡುವಿನ ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಅಧಿಕಾರ ಕೇಳುತ್ತಾ ಬಾಗಿಲಲ್ಲಿ ನಿಲ್ಲಲಿಲ್ಲ. ತಮ್ಮ ಮಾತಿನಲ್ಲೇ ತಮ್ಮ ಅನುಭಾವ ಕಟ್ಟಿದರು. ಹಾಗೆಂದು ಅವರು ಸಂಸ್ಕೃತವನ್ನು ಅರಿಯದೆ ಬಿಟ್ಟವರೂ ಅಲ್ಲ. ವಚನಗಳಲ್ಲಿ ಸಂಸ್ಕೃತದ ಉಕ್ತಿಗಳು ಬರುತ್ತವೆ, ಎದುರಾಳಿಗೆ ಅವನ ಮಾತಿನಲ್ಲೇ ಉತ್ತರ ಹೇಳುವುದಕ್ಕೆ. 1944ರಲ್ಲಿ ಕುವೆಂಪು 'ಶೂದ್ರತಪಸ್ವಿ' ಬರೆದಾಗ ರಾಮನ ಅಸ್ತ್ರ ಶಂಬೂಕನನ್ನು ಕೊಲ್ಲಲಿಲ್ಲ, ದೂರು ತಂದ ಬ್ರಾಹ್ಮಣನ ಬೆನ್ನು ಹತ್ತಿತು. ಮಾಸ್ತಿಯವರು ಆಕ್ಷೇಪಿಸಿದರು, ಕುವೆಂಪು ಉತ್ತರಿಸಿದರು. ಉತ್ತರಕಾಂಡವನ್ನು ಚೆನ್ನಾಗಿ ಓದಿದ ಶೂದ್ರನೊಬ್ಬ ಮಾತ್ರ ಅದನ್ನು ಹೀಗೆ ತಿರುಗಿಸಿ ಬರೆಯಬಲ್ಲ.

1973ರ ನವೆಂಬರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯವನ್ನು ಬೂಸಾ ಎಂದಾಗ ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಮಂತ್ರಿಗಿರಿ ಹೋಯಿತು. ನಮ್ಮ ಚಳವಳಿಗೆ ಅದು ಕಣ್ಣು ತೆರೆಸಿತು. ಮುಂದೆ ಹೈಸ್ಕೂಲುಗಳಲ್ಲಿ ಸಂಸ್ಕೃತವನ್ನು ಮೊದಲ ಭಾಷೆಯಾಗಿ ತೆಗೆದುಕೊಂಡು, ಕನ್ನಡವನ್ನೇ ಓದದೆ, ಹೆಚ್ಚು ಅಂಕ ಪಡೆದು ದಾಟಿಹೋಗುವ ಪದ್ಧತಿಯ ಮೇಲೆ ಜಗಳವೆದ್ದು, 1980ರಲ್ಲಿ ಗೋಕಾಕ್ ಸಮಿತಿ ಬಂತು, 1981ರ ಜನವರಿಯಲ್ಲಿ ವರದಿ, 1982ರಲ್ಲಿ ಚಳವಳಿ. ಕನ್ನಡವೇ ಮೊದಲಾಗಬೇಕೆಂಬುದು ನ್ಯಾಯವಾಗಿತ್ತು. ಆದರೆ ಆ ಗದ್ದಲದಲ್ಲಿ ಕೇಳಬೇಕಾಗಿದ್ದ ಇನ್ನೊಂದು ಪ್ರಶ್ನೆ ಹಿಂದೆ ಸರಿಯಿತು ಎಂದು ನನಗೆ ಅನ್ನಿಸುತ್ತದೆ: ಸಂಸ್ಕೃತ ಕಲಿಸುವ ಮೇಷ್ಟ್ರು ನಮ್ಮ ಹಟ್ಟಿಯ ಸರ್ಕಾರಿ ಶಾಲೆಗೆ ಯಾವತ್ತು ಬಂದಿದ್ದರು?

6

ಕೊನೆಗೆ ಒಬ್ಬ ಹೆಣ್ಣುಮಗಳ ಸಂಗತಿ. ನಾಗಪುರದ ಮಹಾರ ಕುಟುಂಬದ ಕುಮುದ್ ಸೋಮಕುವರ್ ಹುಟ್ಟಿದ್ದು 1938ರಲ್ಲಿ. ಶಾಲೆಯಲ್ಲಿ ಹಠ ಹಿಡಿದು ಸಂಸ್ಕೃತ ತೆಗೆದುಕೊಂಡರು. ಶಾಲೆಯ ಸಂಸ್ಕೃತ ಮಾಸ್ತರರು ಸಂಪ್ರದಾಯಸ್ಥ ಬ್ರಾಹ್ಮಣರು. ಆದರೂ ಈ ಹುಡುಗಿಗೆ ಪ್ರೀತಿಯಿಂದ ಕಲಿಸಿದರು. ಮುಂದೆ ಕಾಲೇಜಿನಲ್ಲಿ ಹೆಸರಾಂತ ವಿದ್ವಾಂಸರಿಂದಲೇ ಕುಹಕ ಕೇಳಬೇಕಾಯಿತು. ಎಂ.ಎ. ಮುಗಿಸಿದರು, ಉತ್ತಮ ದರ್ಜೆಯಲ್ಲಿ. ಕೆಲಸ ಸಿಗಲಿಲ್ಲ. ವೇದದ ಭಾಷೆಯನ್ನು ಮಹಾರ ಹೆಂಗಸಿನ ಬಾಯಿಂದ ಕೇಳಲು ಸಂದರ್ಶನ ನಡೆಸುವವರಿಗೆ ಕಿವಿ ಇರಲಿಲ್ಲ. ಆಮೇಲೆ ಅವರು ಮೇಲು ಜಾತಿ ಎನಿಸಿಕೊಂಡ ಮನೆತನದ ಮೋತಿರಾಂ ಪಾವಡೆಯವರನ್ನು ಮದುವೆಯಾದರು. ಹೆಸರು ಕುಮುದ್ ಪಾವಡೆ ಆಯಿತು. ಆ ಹೆಸರಿಗೆ ಸರ್ಕಾರಿ ಕಾಲೇಜಿನ ಕೆಲಸ ಬಂತು.

ಈ ಕತೆಯನ್ನು ಅವರೇ 1981ರಲ್ಲಿ ಪ್ರಕಟವಾದ 'ಅಂತಃಸ್ಫೋಟ'ದಲ್ಲಿ ಬರೆದಿದ್ದಾರೆ. ಕೆಲಸ ಸಿಕ್ಕಿದ್ದು ಗಂಡನ ಮನೆಯ ಹೆಸರಿಗೆ, ತಾನು ಹುಟ್ಟಿದ ಮನೆಯ ಹೆಸರಿಗಲ್ಲ ಎಂಬ ಕಹಿಯನ್ನು ಅವರು ಮುಚ್ಚಿಡಲಿಲ್ಲ. 2023ರಲ್ಲಿ ತೀರಿಕೊಂಡರು. ಸಂಸ್ಕೃತ ಕಲಿತರೆ ಜಾತಿ ಕರಗುತ್ತದೆ ಎನ್ನುವವರಿಗೆ ಅವರ ಬದುಕೇ ಉತ್ತರ. ಕರಗಲಿಲ್ಲ. ಧಾತು, ಪ್ರತ್ಯಯ, ಸಂಧಿ, ಸಮಾಸ ಎಲ್ಲ ಬಂದವು. ಆದರೂ ಅಧಿಕಾರ ಬಂದದ್ದು ಗಂಡನ ಮನೆಯಿಂದ.

ಇದು ಹಳೆಯ ಮಾತು ಎಂದುಕೊಳ್ಳಬೇಡಿ. 2019ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಸಂಸ್ಕೃತ ವಿದ್ಯಾಧರ್ಮ ವಿಜ್ಞಾನ ವಿಭಾಗಕ್ಕೆ ಒಬ್ಬ ಮುಸ್ಲಿಂ ವಿದ್ವಾಂಸರು ನೇಮಕವಾದರು. ಅವರು ಸಂಸ್ಕೃತದಲ್ಲೇ ಓದಿ ಡಾಕ್ಟರೇಟ್ ಪಡೆದವರು. ವಿದ್ಯಾರ್ಥಿಗಳು ಧರಣಿ ಕೂತರು. ಕೊನೆಗೆ ಆ ಮೇಷ್ಟ್ರು ಆ ಜಾಗ ಬಿಟ್ಟು ಕಲಾ ವಿಭಾಗಕ್ಕೆ ಹೋಗಬೇಕಾಯಿತು. ಭಾಷೆ ಯಾರು ಬೇಕಾದರೂ ಕಲಿಸಬಹುದು, ಧರ್ಮ ಕಲಿಸಲು ಅಧಿಕಾರ ಬೇಕು ಎಂಬುದು ಧರಣಿ ಕೂತವರ ವಾದದ ತಿರುಳು. ಜೈಮಿನಿಯ ಆರನೆಯ ಅಧ್ಯಾಯ ಇನ್ನೂ ಮುಗಿದಿಲ್ಲ.

ಹಾಗಾದರೆ ಯಾಕೆ ಓದಬೇಕು? ಓದಿದರೆ ಗೌರವ ಸಿಗುತ್ತದೆ ಎಂದಲ್ಲ. ಸಿಗುವುದಿಲ್ಲ ಎಂದು ಕುಮುದ್ ಪಾವಡೆ ಹೇಳಿದ್ದಾರೆ. ನಮ್ಮ ಮೂಲ ಅಲ್ಲಿದೆ ಎಂದೂ ಅಲ್ಲ. ನಮ್ಮ ಮೂಲ ನಮ್ಮ ಕೇರಿಯಲ್ಲಿದೆ, ನಮ್ಮ ಅವ್ವಂದಿರ ಬಾಯಲ್ಲಿದೆ. ಎಲ್ಲರೂ ಓದಬೇಕೆಂದೂ ನಾನು ಹೇಳುತ್ತಿಲ್ಲ. ಇಂಗ್ಲಿಷ್ ಬೇಕು, ಕಾನೂನು ಬೇಕು, ಕಂಪ್ಯೂಟರ್ ಬೇಕು. ಹೊಟ್ಟೆಗೆ ಮೊದಲು ಅದೇ ಬೇಕು. ಆದರೆ ಪ್ರತಿ ಜಿಲ್ಲೆಯಲ್ಲಿ ನಮ್ಮ ಹತ್ತು ಹುಡುಗ ಹುಡುಗಿಯರಾದರೂ ಈ ಕೆಲಸಕ್ಕೆ ಕೂರಲಿ. ಧರ್ಮಸೂತ್ರಗಳನ್ನು, ಭಾಷ್ಯಗಳನ್ನು, ವಜ್ರಸೂಚಿಯನ್ನು ಮೂಲದಲ್ಲೇ ಓದಬಲ್ಲವರು, ಕನ್ನಡಕ್ಕೆ ತರಬಲ್ಲವರು ನಮ್ಮಲ್ಲಿ ಇರಲಿ. ನಮ್ಮ ವಿರುದ್ಧ ಬರೆದ ದಾಖಲೆಗೆ ನಾವೇ ನಕಲು ತೆಗೆಯೋಣ, ನಾವೇ ಟಿಪ್ಪಣಿ ಬರೆಯೋಣ. ಬಾದರಿ ಸೋತ ಜಾಗದಿಂದ ವಾದವನ್ನು ಮತ್ತೆ ಎತ್ತಿಕೊಳ್ಳೋಣ. ಈ ಸಲ ಅವನ ಪಕ್ಕದಲ್ಲಿ ನಿಷಾದನೂ ಕೂತಿರಲಿ, ಸಮಾಸವನ್ನು ಅವನೇ ಬಿಡಿಸಲಿ.

ಗೌತಮನ ಆ ಮೂರು ಸೂತ್ರಗಳಲ್ಲಿ ಕೇಳುವುದಕ್ಕಿಂತ, ಉಚ್ಚರಿಸುವುದಕ್ಕಿಂತ ದೊಡ್ಡ ಅಪರಾಧ ನೆನಪಿನಲ್ಲಿ ಇಟ್ಟುಕೊಳ್ಳುವುದು. ಅದಕ್ಕೇ ಅತಿ ಘೋರ ಶಿಕ್ಷೆ. ಹಾಗೆ ಬರೆದವನಿಗೆ ನಮ್ಮ ಶಕ್ತಿ ಎಲ್ಲಿದೆ ಎಂಬುದು ಗೊತ್ತಿತ್ತು. ಮುಂದಿನ ಸಭೆಯಲ್ಲಿ ಹಿಂದಿನ ಸಾಲಿನಿಂದ ಮೇಷ್ಟ್ರು ಎದ್ದು ನಿಂತಾಗ ನಮ್ಮ ಹುಡುಗಿ ತಡವರಿಸದೆ ಹೇಳಲಿ: ಸಾರ್, ಅದು ಮನು ಅಲ್ಲ, ಗೌತಮ. ಹನ್ನೆರಡನೆಯ ಅಧ್ಯಾಯ. ನೀವು ಕೂತ್ಕೊಳ್ಳಿ, ಪೂರ್ತಿ ಹೇಳ್ತೀನಿ.